ಎಂಟು ಪದರದ ಬೆಳಕು ಮಂಕಾಗುವುದೇಕೆ?

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೆ ವರ್ಷ ಓದುತ್ತಿರುವ ನಾಲ್ವರು. ಪ್ರಾಜೆಕ್ಟ್‌ಗೆ ಉದ್ದ, ಅಗಲ, ಎತ್ತರ ಎಲ್ಲಾ ಕಡೆ ಎಂಟೆಂಟು ನೀಲಿ ಎಲ್‌ಇಡಿ ಬರುವ ಕ್ಯೂಬ್ ಕಟ್ಟಿದ್ದೇವೆ. ಒಂದು ದೀಪ ಹೊತ್ತಿಸಿದರೆ ಚೆನ್ನಾಗಿ ಬೆಳಗುತ್ತದೆ. ಇಡೀ ಪದರ ಹೊತ್ತಿಸಿದರೆ ಮಂಕು, ಪದರಕ್ಕೆ ಸ್ವಿಚ್‌ನಂತೆ ಹಾಕಿರುವ ಬಿ.ಸಿ. 547 ಟ್ರಾನ್ಸಿಸ್ಟರ್ ಮುಟ್ಟಿದರೆ ಸುಡುತ್ತದೆ. ಪಕ್ಕದ ಪದರದಲ್ಲೂ ಅದೇ ಚಿತ್ರ ಮಸುಕಾಗಿ ಕಾಣುತ್ತದೆ. ಕೋಡ್ ಮೂರು ಸಲ ಬರೆದಿದ್ದಾಯಿತು. ಸುಮ್ನೆ ಕಿಟ್ ತಂದುಬಿಡೋಣ ಅಂತ ನಮ್ಮಲ್ಲೊಬ್ಬ ಹೇಳುತ್ತಿದ್ದಾನೆ. ಏನು ಮಾಡೋಣ?

ಉತ್ತರ: ಕಿಟ್ ತರಬೇಡಿ. 512 ದೀಪಗಳ ಕಾಲು ಬಗ್ಗಿಸಿ ಸೋಲ್ಡರ್ ಮಾಡಿದ ಮೇಲೆ ಅದನ್ನು ಮೂಲೆಗಿಡುವುದು ಸರಿಯಲ್ಲ, ಅದೂ ಇಷ್ಟು ಹತ್ತಿರ ಬಂದು. ಬೆಳಕು ಮಂಕಾಗುವುದಕ್ಕೂ ಕೋಡ್‌ಗೂ ಸಂಬಂಧವಿಲ್ಲ.

ನಿಮ್ಮೂರಲ್ಲಿ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದ ಹಿರಿಯರು ಸಿಕ್ಕರೆ ಹಾಸು ಹೊಕ್ಕು ಎಂದರೇನು ಅಂತ ಕೇಳಿ. ಕ್ಯೂಬ್ ಕೂಡ ಹಾಗೆಯೇ. 64 ಕಂಬಗಳು ಹಾಸು, 8 ಪದರಗಳು ಹೊಕ್ಕು, ಎರಡೂ ಸೇರುವ ಕಡೆ ಒಂದು ದೀಪ. ಅದಕ್ಕೇ 512 ದೀಪಕ್ಕೆ 72 ತಂತಿ ಸಾಕಾಗುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ಉರಿಯುವುದು ಒಂದೇ ಪದರ. ಬೇಗ ಬೇಗ ಬದಲಾಗುವುದರಿಂದ ಕಣ್ಣಿಗೆ ಎಲ್ಲಾ ಒಟ್ಟಿಗೆ ಉರಿದಂತೆ ಕಾಣುತ್ತದೆ.

ಈಗ ಲೆಕ್ಕ ಹಾಕಿ. ಒಂದು ದೀಪಕ್ಕೆ 8 ಮಿಲಿಆಂಪ್ ಅಂದುಕೊಳ್ಳೋಣ. ಪದರ ಪೂರ್ತಿ ಹೊತ್ತಿದರೆ 64 ದೀಪಕ್ಕೆ 512 ಮಿಲಿಆಂಪ್, ಅಷ್ಟೂ ಹೋಗಬೇಕಾದದ್ದು ಆ ಪದರದ ಒಂದೇ ಟ್ರಾನ್ಸಿಸ್ಟರ್ ಮೂಲಕ. ಬಿ.ಸಿ. 547 ತಾಳುವುದು 100 ಮಿಲಿಆಂಪ್ ಮಾತ್ರ. ಒಂದು ದೀಪಕ್ಕೆ ಅದು ಸಾಕು, 64ಕ್ಕೆ ಹೇಗೆ ಸಾಲುತ್ತದೆ? ಕರೆಂಟ್ ಅಲ್ಲೇ ತಡೆದು ನಿಲ್ಲುತ್ತದೆ, ದೀಪ ಮಂಕಾಗುತ್ತದೆ, ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ. ಎಂಟನ್ನೂ ಕಿತ್ತು ಐಆರ್‌ಎಲ್‌ಝಡ್ 44ಎನ್ ಮಾಸ್‌ಫೆಟ್ (ಹೆಚ್ಚು ಕರೆಂಟ್ ತಾಳುವ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಹಾಕಿ. 5 ವೋಲ್ಟ್‌ನಲ್ಲೇ ಪೂರ್ತಿ ತೆರೆದುಕೊಳ್ಳುತ್ತದೆ, ಅದಕ್ಕೆ ಇದು ಹೊರೆಯೇ ಅಲ್ಲ. ಅದರ ಗೇಟ್‌ನಿಂದ (ಸಂಕೇತ ಕೊಡುವ ಕಾಲು) ಗ್ರೌಂಡ್‌ಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಪವರ್ ಕೊಟ್ಟ ತಕ್ಷಣ ಎಲ್ಲೆಲ್ಲೋ ಪದರ ಹೊತ್ತಿಕೊಳ್ಳುತ್ತದೆ.

8 ಮಿಲಿಆಂಪ್ ಅಂತ ಹೇಳಿದ್ದು ಸುಮ್ನೆ ಅಲ್ಲ. ಕಂಬಗಳಿಗೆ ನೀವು 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್ (ಒಂದೊಂದಾಗಿ ಬರುವ ಬಿಟ್‌ಗಳನ್ನು ಎಂಟು ಪಿನ್‌ಗೆ ಹಂಚುವ ಚಿಪ್) ಹಾಕಿರುತ್ತೀರಿ, ಅಲ್ವಾ? ಒಂದು ಚಿಪ್‌ಗೆ ಎಂಟು ಕಂಬ, ಒಟ್ಟು ಎಂಟು ಚಿಪ್. ಆ ಇಡೀ ಚಿಪ್‌ನಲ್ಲಿ ಹರಿಯಬಹುದಾದ ಕರೆಂಟ್ 70 ಮಿಲಿಆಂಪ್. ಎಂಟೆಂಟಲಿ 64, ಸರಿಹೋಯಿತು. ಬೆಳಕು ಜಾಸ್ತಿ ಬೇಕು ಅಂತ ರೆಸಿಸ್ಟರ್ ಕಡಿಮೆ ಮಾಡಿದರೆ ಚಿಪ್ ಸುಡುತ್ತದೆ. ನೀಲಿ ದೀಪ ಸುಮಾರು 3 ವೋಲ್ಟ್ ತಿನ್ನುತ್ತದೆ, ಉಳಿದ 2 ವೋಲ್ಟ್‌ಗೆ 270 ಓಮ್ ಸರಿ. ಪ್ರತಿ ಚಿಪ್‌ನ ಪಕ್ಕದಲ್ಲೇ 104 ಎಂದು ಬರೆದಿರುವ ಸಣ್ಣ ಕೆಪಾಸಿಟರ್ ಹಾಕುವುದನ್ನು ಮರೆಯಬೇಡಿ.

ಪಕ್ಕದ ಪದರದಲ್ಲಿ ಕಾಣುವ ನೆರಳಿನ ಚಿತ್ರ ಮಾತ್ರ ಕೋಡ್‌ನ ತಪ್ಪೇ. ಹಳೆ ಪದರ ಇನ್ನೂ ಉರಿಯುತ್ತಿರುವಾಗಲೇ ಹೊಸ ಪದರದ ಬಿಟ್‌ಗಳು ಹೊರಗೆ ಬರುತ್ತಿವೆ. ಮೊದಲು ಪದರ ಆರಿಸಿ, 64 ಬಿಟ್ ಕಳಿಸಿ ಲ್ಯಾಚ್ ಮಾಡಿ (ಅಂದರೆ ಅವು ಒಟ್ಟಿಗೆ ಹೊರಗೆ ಬರುವಂತೆ ಮಾಡಿ), ಆಮೇಲೆ ಮುಂದಿನ ಪದರ ಹೊತ್ತಿಸಿ. ಇದನ್ನು ಟೈಮರ್ ಇಂಟರಪ್ಟ್‌ನಲ್ಲಿ, ಅಂದರೆ ನಿಗದಿತ ಸಮಯಕ್ಕೊಮ್ಮೆ ತಾನಾಗಿ ಓಡುವ ಕೋಡ್‌ನಲ್ಲಿ, ಇಡಿ. ಸೆಕೆಂಡಿಗೆ 800 ಸಲ ಪದರ ಬದಲಾದರೆ ಇಡೀ ಕ್ಯೂಬ್ 100 ಸಲ ಸುತ್ತಿದಂತಾಯಿತು, ಮಿನುಗುವುದು ಕಾಣುವುದಿಲ್ಲ. ಅದರ ಬದಲು ಡಿಲೇ (ಕೋಡನ್ನು ತಡೆದು ನಿಲ್ಲಿಸುವ ಆದೇಶ) ಹಾಕಿ ಚಿತ್ರ ಓಡಿಸಲು ಹೋದರೆ ಮಾತ್ರ ಎಲ್ಲಾ ಕೆಡುತ್ತದೆ. ಇಡೀ ಚಿತ್ರಕ್ಕೆ ಬೇಕಾದ ಜಾಗ ಬರೀ 64 ಬೈಟ್, ಮೆಮೊರಿ ಚಿಂತೆ ಬೇಡ.

ಕ್ಯೂಬ್‌ಗೆ ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. 5 ವೋಲ್ಟ್, 2 ಆಂಪ್‌ನ ಬೇರೆ ಅಡಾಪ್ಟರ್ ಇರಲಿ, ಅದರ ಗ್ರೌಂಡ್ ಕ್ಯೂಬ್ ನಡೆಸುವ ಆರ್ಡುಯಿನೋ ಬೋರ್ಡ್‌ನ ಗ್ರೌಂಡ್‌ಗೆ ಸೇರಿರಲಿ.

ಇನ್ನೊಂದು ಮಾತು. ಪ್ರತಿ ದೀಪಕ್ಕೆ ಸಿಗುವುದು ಎಂಟರಲ್ಲಿ ಒಂದು ಪಾಲು ಸಮಯ. ಹಾಗಾಗಿ ನಮ್ಮ ಕಡೆಯ ಬಿಸಿಲಲ್ಲಿ, ಕಿಟಕಿ ತೆರೆದ ಲ್ಯಾಬ್‌ನಲ್ಲಿ ಎಷ್ಟು ಸರಿಮಾಡಿದರೂ ಪೇಲವವಾಗಿಯೇ ಕಾಣುತ್ತದೆ. ತೋರಿಸುವ ದಿನ ಪರದೆ ಇರುವ ಕೋಣೆ ಕೇಳಿಕೊಳ್ಳಿ. ಕತ್ತಲಲ್ಲಿ ಮಳೆ ಹನಿಯ ಹಾಗೆ ಬೆಳಕು ಮೇಲಿಂದ ಇಳಿಯುವುದನ್ನು ನೋಡಿದರೆ ನಿಮ್ಮ ಶ್ರಮ ಎಲ್ಲರಿಗೂ ಕಾಣುತ್ತದೆ.

ಪ್ರಶ್ನೆ: ನಾನು ಹೊಸದುರ್ಗದವಳು, ಡಿಪ್ಲೊಮಾ ಓದುತ್ತಿದ್ದೇನೆ. ಶಿಫ್ಟ್ ರಿಜಿಸ್ಟರ್ ಇಲ್ಲದೆ ಆರ್ಡುಯಿನೋ ಊನೋಗೇ ನೇರವಾಗಿ ಜೋಡಿಸುವ ಕ್ಯೂಬ್ ಮಾಡಬಹುದೇ?

ಉತ್ತರ: ನಾಲ್ಕರ ಕ್ಯೂಬ್ ಮಾಡಿ. 16 ಕಂಬ, 4 ಪದರ, ಒಟ್ಟು 20 ಪಿನ್. ಊನೋದಲ್ಲಿ ಅನಲಾಗ್ ಪಿನ್ ಸೇರಿಸಿ ಇರುವುದೂ ಸರಿಯಾಗಿ 20. ಪದರಕ್ಕೆ ಟ್ರಾನ್ಸಿಸ್ಟರ್ ಬೇಕೇ ಬೇಕು, ದೀಪಕ್ಕೆ 5 ಮಿಲಿಆಂಪ್ ಇಟ್ಟುಕೊಂಡರೆ ಪದರಕ್ಕೆ 80, ಆಗ ಬಿ.ಸಿ. 547 ಕೂಡ ನಡೆಯುತ್ತದೆ. ಮರದ ಹಲಗೆಗೆ 5 ಮಿಲಿಮೀಟರ್ ತೂತು ಕೊರೆದು ಅದರಲ್ಲಿ ದೀಪ ಕೂರಿಸಿ ಒಂದೊಂದೇ ಪದರ ಬೆಸೆಯಿರಿ. ಪದರ ಮುಗಿದ ಕೂಡಲೇ ಹದಿನಾರನ್ನೂ ಹೊತ್ತಿಸಿ ನೋಡಿ, ಏಕೆಂದರೆ ಒಳಗೆ ಸಿಕ್ಕಿಕೊಂಡ ಕೆಟ್ಟ ದೀಪವನ್ನು ಆಮೇಲೆ ತೆಗೆಯುವುದು ತುಂಬಾ ಕಷ್ಟ. ಪ್ರೋಗ್ರಾಂ ಹಾಕುವಾಗ 0 ಮತ್ತು 1ನೇ ಪಿನ್ನಿನ ತಂತಿ ಬಿಚ್ಚಿಡಿ.