ಮರಣದಂಡನೆ: ಅರ್ಹತೆಯ ಪ್ರಶ್ನೆ ಮತ್ತು ತೀರ್ಪಿನ ಪ್ರಶ್ನೆ

ಪ್ರಶ್ನೆ: ಹೊಂಚುಹಾಕಿ ಕ್ರೂರವಾಗಿ ಕೊಂದವನನ್ನು ಬದುಕಿರುವಷ್ಟು ಕಾಲ ಜೈಲಿನಲ್ಲಿಟ್ಟು ಸಾಕುವುದು ಸತ್ತವರ ಕುಟುಂಬಕ್ಕೆ ಮಾಡುವ ಅನ್ಯಾಯವಲ್ಲವೇ? ಗಲ್ಲಿನ ಭಯವೇ ಇಲ್ಲದಿದ್ದರೆ ಕೊಲೆಗಳು ಹೆಚ್ಚುವುದಿಲ್ಲವೇ?

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು. ಭಯದ ಮಾತನ್ನು ಮೊದಲು ಮುಗಿಸೋಣ. ಕೆನಡಾ 1976ರಲ್ಲಿ ಕೊಲೆಗೆ ಮರಣದಂಡನೆ ವಿಧಿಸುವುದನ್ನು ರದ್ದುಪಡಿಸಿತು; ಆನಂತರದ ದಶಕಗಳಲ್ಲಿ ಅಲ್ಲಿ ಕೊಲೆಯ ಪ್ರಮಾಣ ಇಳಿಯಿತೇ ಹೊರತು ಏರಲಿಲ್ಲ. ರದ್ದತಿಯಿಂದಲೇ ಅದು ಇಳಿಯಿತು ಎನ್ನಲೂ ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು 2012ರಲ್ಲಿ ಈ ಕುರಿತ ಅಧ್ಯಯನಗಳನ್ನು ಪರಿಶೀಲಿಸಿ, ಮರಣದಂಡನೆಯಿಂದ ಕೊಲೆಗಳು ತಗ್ಗುತ್ತವೆ ಎನ್ನುವುದಕ್ಕಾಗಲಿ, ಹೆಚ್ಚುತ್ತವೆ ಎನ್ನುವುದಕ್ಕಾಗಲಿ ಅವುಗಳನ್ನು ಆಧಾರವಾಗಿ ಬಳಸುವಂತಿಲ್ಲ ಎಂದು ಹೇಳಿತು. ಹೀಗಿರುವಾಗ ಭಯವನ್ನೇ ನೆಚ್ಚಿಕೊಂಡು ಒಬ್ಬನ ಜೀವ ತೆಗೆಯುವುದು ನನಗೆ ಒಪ್ಪಿತವಲ್ಲ.

ನಿಮ್ಮ ಮೊದಲ ಪ್ರಶ್ನೆಯ ತೂಕವೇ ಬೇರೆ. ಸಮಾಜವೊಂದು ನಾಳೆ ವಿಸರ್ಜನೆಗೊಂಡು ಚದುರಿಹೋಗುವುದಿದ್ದರೂ ಸೆರೆಯಲ್ಲಿರುವ ಕಟ್ಟಕಡೆಯ ಕೊಲೆಗಾರನನ್ನು ಅದಕ್ಕೆ ಮೊದಲೇ ಗಲ್ಲಿಗೇರಿಸಬೇಕು ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ ವಾದಿಸಿದ್ದ. ಅದರಿಂದ ಯಾರಿಗೆ ಏನು ಲಾಭ ಎಂಬುದು ಅವನಿಗೆ ಮುಖ್ಯವಾಗಿರಲಿಲ್ಲ, ಮಾಡಿದ ಕೃತ್ಯಕ್ಕೆ ತಕ್ಕುದು ಸಲ್ಲಬೇಕೆಂಬುದಷ್ಟೇ ಮುಖ್ಯವಾಗಿತ್ತು. ಮರಣದಂಡನೆಯ ಪರವಾದ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ ಎಂದು ನಾನು ಭಾವಿಸುತ್ತೇನೆ, ಮತ್ತು ಇದನ್ನು ಬರಿಯ ಸೇಡಿನ ಮಾತೆಂದು ತಳ್ಳಿಹಾಕುವವರು ಕಾಂಟ್‌ನನ್ನು ಸರಿಯಾಗಿ ಓದಿಲ್ಲ. ಆದರೆ ಈ ವಾದ, ಸೆರೆಯಲ್ಲಿರುವವನೇ ಕೊಲೆಗಾರ ಎಂಬುದನ್ನು ಮೊದಲೇ ಗೊತ್ತಿರುವ ಸಂಗತಿಯೆಂದು ಹಿಡಿದು ಹೊರಡುತ್ತದೆ. ನ್ಯಾಯಾಲಯಕ್ಕೆ ಆ ಅನುಕೂಲವಿಲ್ಲ. ಅದರ ಮುಂದಿರುವುದು ಸಾಕ್ಷಿಗಳ ಹೇಳಿಕೆ, ಪೊಲೀಸರು ಪಡೆದ ತಪ್ಪೊಪ್ಪಿಗೆ ಮತ್ತು ವಕೀಲರ ವಾದ ಮಾತ್ರ.

ಲಂಡನ್ನಿನ ಟಿಮೊಥಿ ಇವಾನ್ಸ್‌ನ ಪ್ರಕರಣವನ್ನೇ ನೋಡಿ. ತನ್ನ ಹಸುಗೂಸನ್ನು ಕೊಂದನೆಂದು 1950ರ ಮಾರ್ಚ್‌ನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನ ತಪ್ಪೊಪ್ಪಿಗೆ ಪೊಲೀಸರ ಕೈಯಲ್ಲಿತ್ತು. ಅದೇ ಕಟ್ಟಡದ ನೆಲಮಹಡಿಯಲ್ಲಿದ್ದ ಕ್ರಿಸ್ಟಿ ಅವನ ವಿರುದ್ಧ ಮುಖ್ಯ ಸಾಕ್ಷಿಯಾಗಿದ್ದ. ಮೂರು ವರ್ಷಗಳ ನಂತರ, ಕ್ರಿಸ್ಟಿ ಮನೆ ತೆರವು ಮಾಡಿ ಹೋದ ಮೇಲೆ, ಮತ್ತೊಬ್ಬ ಬಾಡಿಗೆದಾರ ರೇಡಿಯೊ ಇಡಲು ಅಡುಗೆಮನೆಯ ಗೋಡೆಯಲ್ಲಿ ಜಾಗ ಹುಡುಕುತ್ತ ಅಲ್ಲಿ ಅಂಟಿಸಿದ್ದ ಕಾಗದವನ್ನು ಕಿತ್ತಾಗ ಹಿಂದಿನ ಗೂಡಿನಲ್ಲಿ ಹೆಂಗಸರ ಶವಗಳು ಕಂಡವು. ಕ್ರಿಸ್ಟಿ ಸರಣಿ ಕೊಲೆಗಾರನಾಗಿದ್ದ. ಇವಾನ್ಸ್‌ನ ಹೆಂಡತಿಯನ್ನು ಕೊಂದದ್ದನ್ನೂ ಒಪ್ಪಿಕೊಂಡ. ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ, ಅಂದರೆ ಸತ್ತು ಹದಿನಾರು ವರ್ಷಗಳಾದ ಮೇಲೆ. ಬ್ರಿಟನ್ ಕೊಲೆಗೆ ಮರಣದಂಡನೆಯನ್ನು 1965ರಲ್ಲಿ ಅಮಾನತಿನಲ್ಲಿಟ್ಟುದರ ಹಿಂದೆ ಇಂಥ ಪ್ರಕರಣಗಳು ಎಬ್ಬಿಸಿದ ಕಳವಳವೂ ಇತ್ತು.

ಡಿಎನ್‌ಎ ಪರೀಕ್ಷೆಯ ಕಾಲದಲ್ಲಿ ಇಂಥ ತಪ್ಪು ಆಗದು ಎಂದು ಹಲವರು ಹೇಳುತ್ತಾರೆ. ಆದರೆ ಎಷ್ಟೋ ಕೊಲೆಗಳಲ್ಲಿ ಪರೀಕ್ಷಿಸಲು ತಕ್ಕ ಕುರುಹೇ ಉಳಿದಿರುವುದಿಲ್ಲ. ಆದ್ದರಿಂದ, ಕೆಲವರು ಸಾವಿಗೆ ಅರ್ಹರಿರಬಹುದು ಎಂಬುದನ್ನು ಒಪ್ಪಿಕೊಂಡೂ, ಅವರನ್ನು ತಪ್ಪಿಲ್ಲದೆ ಗುರುತಿಸಲಾರದ ವ್ಯವಸ್ಥೆಗೆ ಆ ಅಧಿಕಾರ ಕೊಡಬಾರದು ಎಂದು ನಾನು ಹೇಳುತ್ತೇನೆ.

ಸತ್ತವರ ಕುಟುಂಬಕ್ಕೆ ಆಗುವ ಅನ್ಯಾಯವೆಂದು ನೀವು ಹೇಳಿದ್ದರ ಹಿಂದೆ, ಕೊಲೆಗಾರ ಕೆಲವೇ ವರ್ಷಗಳಲ್ಲಿ ಹೊರಬರುತ್ತಾನೆ ಎಂಬ ಆತಂಕವಿದ್ದರೆ ಅದು ಸಹಜ. ಅವಧಿಪೂರ್ವ ಬಿಡುಗಡೆಗೆ ಅವಕಾಶವಿಲ್ಲದ ಜೀವಾವಧಿ ಶಿಕ್ಷೆ ಹಲವು ದೇಶಗಳ ಕಾನೂನಿನಲ್ಲಿದೆ. ಅದೂ ಅಮಾನವೀಯ ಎನ್ನುವವರಿದ್ದಾರೆ, ಆದರೆ ಆ ಶಿಕ್ಷೆ ಅನುಭವಿಸುತ್ತಿರುವವನ ಪರವಾಗಿ ಹೊಸ ಸಾಕ್ಷ್ಯ ಸಿಕ್ಕರೆ ಅವನನ್ನು ಬಿಡುಗಡೆ ಮಾಡಲು ಅವನು ಬದುಕಿರುತ್ತಾನೆ.