ಬ್ರೈಟನ್ನಿಗೆ ಹೊಂಟ ತಂಗಿಗೆ

ತಂಗೀ, ನೀ ಬರ್ದಿದ್ದು ಓದಿದೆ. ಆಳಂದದಾಕಿ, ಕಲಬುರಗಿ ಸೂಪರ್ ಮಾರ್ಕೆಟ್ ಹತ್ರದ ಸಣ್ಣ ಆಫೀಸಿನಾಗ ಅಂಗಡಿ, ದವಾಖಾನಿ, ಕೋಚಿಂಗ್ ಕ್ಲಾಸುಗಳ ಗೂಗಲ್ ಜಾಹೀರಾತು ನೋಡ್ಕೊಂಡು ಇದ್ದಾಕಿ, ಈಗ ಲಂಡನ್ನಿನ ಏಜೆನ್ಸಿಗೆ ಹೊಂಟೀದಿ. ಭಾಳ ಖುಷಿ ಆಯ್ತು. ಬಂದ ಮೊದಲ ತಿಂಗಳದಾಗೇ ಬ್ರೈಟನ್ ಎಸ್‌ಇಒ ಸಮ್ಮೇಳನಕ್ಕ ಕಳಸ್ತಾರಂತ. ಎಸ್‌ಇಒ ಅಂದ್ರ, ನಿನಗ ಗೊತ್ತಿದ್ದದ್ದೇ, ಗೂಗಲ್ಲಿನಾಗ ಹುಡುಕಿದಾಗ ಸೈಟು ಮ್ಯಾಲ ಬರೋಹಂಗ ಮಾಡೋ ಕೆಲಸ. ಅಲ್ಲಿ ಏನ್ ನಡೀತದ, ನಾ ಹ್ಯಾಂಗ ಇರ್ಬೇಕು, ಆ ಮಂದಿ ನಮ್ಮನ್ನ ಹತ್ರ ಬಿಟ್ಕೊಳ್ತಾರೇನ್ ಅಕ್ಕಾ ಅಂತ ಕೇಳೀದಿ. ಮನಿ ಬಾಡಿಗಿ, ಥಂಡಿ, ಜೋಳದ ಹಿಟ್ಟು ಎಲ್ಲಿ ಸಿಗ್ತದ, ಇವಕ್ಕೆಲ್ಲ ಉತ್ತರ ಕೊಡೋರು ಬಕ್ಕಳ ಮಂದಿ ಅದಾರ. ಸಮ್ಮೇಳನದ ಒಳಮಾತು ಹೇಳೋರು ಕಮ್ಮಿ. ಅದಕ್ಕ ಅದನ್ನೇ ಬರೀತೀನಿ.

ಬ್ರೈಟನ್ ಸಮುದ್ರದ ದಂಡಿ ಮ್ಯಾಲಿನ ಊರು. ಲಂಡನ್ ವಿಕ್ಟೋರಿಯಾ ಸ್ಟೇಷನ್ನಿನಿಂದ ಟ್ರೇನಿಗೆ ಹತ್ತಿದ್ರ ಹೆಚ್ಚು ಕಮ್ಮಿ ಒಂದು ತಾಸು. ಸಮ್ಮೇಳನ ನಡ್ಯೋದು ಬ್ರೈಟನ್ ಸೆಂಟರಿನಾಗ, ರಸ್ತಾ ದಾಟಿದ್ರ ಸಮುದ್ರ. ದಂಡಿ ಮ್ಯಾಲ ಉಸುಕಿಲ್ಲ, ಬರೇ ದುಂಡನ ಹಳ್ಳು. ಗಾಳಿ ಭಾರಿ ಇರ್ತದ, ಕೊಡಿ ನಿಂದ್ರಂಗಿಲ್ಲ. ಟೊಪ್ಪಿಗಿ ಇರೋ ಜಾಕೀಟು ತಗೋ. ಕೆಲ್ವಿನ್ ನ್ಯೂಮನ್ ಅಂಬಾತ 2010ರಾಗ ಒಂದು ಪಬ್ಬಿನ ಮಾಳಗಿ ಖೋಲಿಯೊಳಗ ಒಂದಷ್ಟು ಮಂದಿನ್ನ ಕೂಡಿಸಿ ಸುರು ಮಾಡಿದ್ದು ಇದು. ಈಗ ವರ್ಷಕ್ಕ ಎರಡು ಸಲ ಸಾವಿರಗಟ್ಲೆ ಮಂದಿ ಸೇರ್ತಾರ. ಆ ಮಾಳಗಿ ಖೋಲಿಯ ಸಲಿಗಿ ಇನ್ನೂ ಹೋಗಿಲ್ಲ. ಕೋಟು, ಟೈ ಹಾಕ್ಕೊಂಡು ಬರೋರು ಅಪರೂಪ. ದೊಡ್ಡ ಹೆಸರಿನವರೂ ಸಾಲಿನಾಗ ನಿಂತೇ ಕಾಫಿ ತಗೋತಾರ.

ಒಬ್ಬೊಬ್ಬರ ಭಾಷಣ 20 ನಿಮಿಷ. ಹೊಸಬರು ಅಷ್ಟೂ ಸ್ಲೈಡಿನ ಫೋಟೋ ಹೊಡಕೋತ ಕುಂದಿರ್ತಾರ. ನೀ ಅದ್ರಾಗ ಹೊತ್ತು ಕಳೀಬ್ಯಾಡ, ಭಾಳ ಮಂದಿ ಅವತ್ತೇ ಸ್ಲೈಡುಗಳನ್ನ ನೆಟ್ಟಿಗೆ ಹಾಕಿಬಿಡ್ತಾರ. ನೀ ನೋಡಬೇಕಾದ್ದು ಬ್ಯಾರೆ ಅದ. ಸ್ಟೇಜಿನ ಮ್ಯಾಲಿನ ಗ್ರಾಫ್ ಎಲ್ಲಾ ಮ್ಯಾಲಕ್ಕೇ ಹೋಗ್ತಿರ್ತಾವ. ಮಾತಾಡೋರು ಸುಳ್ಳು ಹೇಳ್ತಾರಂತಲ್ಲ. ಗಿರಾಕಿ ಒಪ್ಪಿಗಿ ಕೊಟ್ಟಷ್ಟೇ ತೋರಿಸ್ಬೇಕು, ತಮ್ಮ ಏಜೆನ್ಸಿಗೆ ಹೊಸಾ ಕೆಲಸಾನೂ ಬರ್ಬೇಕು. ಹಿಂಗಾಗಿ ಬಿದ್ದ ಕಥಿ ಸ್ಟೇಜಿಗೆ ಬರೋದೇ ಇಲ್ಲ.

ಒಂದು ಸಲ ಒಬ್ಬಾಕಿ ಬಟ್ಟಿ ಮಾರೋ ಸೈಟಿನ ಟ್ರಾಫಿಕ್ (ಸೈಟಿಗೆ ಬರೋ ಮಂದಿ ಲೆಕ್ಕ) ಹ್ಯಾಂಗ ದುಪ್ಪಟ್ಟಾಯ್ತು ಅಂತ ಭಾಳ ಚಂದ ಹೇಳಿದ್ಳು. ಮಂದಿ ಜೋರಾಗಿ ಚಪ್ಪಾಳಿ ಹೊಡದ್ರು. ಆಮ್ಯಾಲ ಕಾಫಿ ಟೇಬಲ್ಲಿನ ಹತ್ರ ಸಿಕ್ಕಾಗ, ಮಾರಾಟನೂ ಅಷ್ಟೇ ಏರ್ತೇನು ಅಂತ ಕೇಳಿದೆ. ಕಪ್ ಕೆಳಗಿಟ್ಟು, ಫೋನ್ ತಗದು, ಸ್ಟೇಜಿನ ಮ್ಯಾಲ ತೋರಿಸದ ಇನ್ನೊಂದು ಗ್ರಾಫ್ ತೋರಿಸಿದ್ಳು. ಮಾರಾಟ ಇದ್ದಲ್ಲೇ ಇತ್ತು. ಬಂದವರೆಲ್ಲ ಬಟ್ಟಿ ಒಗ್ಯೋದು ಹ್ಯಾಂಗ ಅಂತ ಓದಿ ಹೋಗೋರು, ತಗೊಳ್ಳೋರಲ್ಲ. ಯಾವ ಲೇಖನ ತಗದ್ರು, ಯಾವುದು ಇಟ್ಕೊಂಡ್ರು, ಯಾಕ, ಎಲ್ಲಾ ಬಿಡಿಸಿ ಹೇಳಿದ್ಳು. ಆ ಹದಿನೈದು ನಿಮಿಷದ ಮಾತು ನನಗ ಇವತ್ತಿಗೂ ಕೆಲಸಕ್ಕ ಬರ್ತದ.

ನಮ್ಮ ನೆಹರು ಗಂಜಿನಾಗ ತೊಗರಿ ಚೀಲ ತಂದ ರೈತ ಹರಾಜಿನ ಕೂಗು ಕೇಳ್ತಾನ ಖರೆ, ಆದ್ರ ಮಾರ್ಕೆಟ್ ಯಾವ ಕಡಿ ವಾಲ್ಯಾದ ಅಂಬುದು ಅವನಿಗೆ ತಿಳ್ಯೋದು ಚಾದಂಗಡಿ ಬೆಂಚಿನ ಮ್ಯಾಲ. ಇದೂ ಹಂಗೇ.

ದೊಡ್ಡ ಉದಾಹರಣಿನೇ ಹೇಳ್ತೀನಿ. ಹುಡುಕಿದೋರು ಯಾವ ಲಿಂಕ್ ಒತ್ತಿದ್ರು ಅಂಬುದನ್ನ ರ‍್ಯಾಂಕಿಂಗಿಗೆ (ಯಾವ ಸೈಟು ಮ್ಯಾಲ, ಯಾವುದು ಕೆಳಗ ಅಂಬೋದಕ್ಕ) ನೇರ ಬಳಸಂಗಿಲ್ಲ ಅಂತ ಗೂಗಲ್ ಕಡಿಯೋರು ವರ್ಷಗಟ್ಲೆ ಹೇಳ್ಕೋತ ಬಂದ್ರು. ಕಾರಿಡಾರಿನಾಗ ಕೆಲಸ ಮಾಡೋ ಮಂದಿ ಮಾತ್ರ ತಮ್ಮ ಸೈಟುಗಳನ್ನ ನೋಡಿ, ಇಲ್ಲ, ಕ್ಲಿಕ್ ಲೆಕ್ಕಕ್ಕ ಬರ್ತದ ಅಂತಿದ್ರು. 2023ರ ಅಕ್ಟೋಬರಿನಾಗ, ಅಮೆರಿಕಾ ಸರ್ಕಾರ ಗೂಗಲ್ ಮ್ಯಾಲ ಹಾಕಿದ ಏಕಸ್ವಾಮ್ಯದ ಕೇಸಿನಾಗ, ಗೂಗಲ್ಲಿನ ಹುಡುಕಾಟ ವಿಭಾಗದ ಹಿರಿಯ ಅಧಿಕಾರಿ ಪಾಂಡು ನಾಯಕ್ ಕೋರ್ಟಿನೊಳಗ ಸಾಕ್ಷಿ ಹೇಳಿದ್ರು. ನ್ಯಾವ್‌ಬೂಸ್ಟ್ ಅಂಬ ವ್ಯವಸ್ಥಾ 13 ತಿಂಗಳಿನ ಕ್ಲಿಕ್ ಮಾಹಿತಿ ಇಟ್ಕೊಂಡು ಫಲಿತಾಂಶ ಜೋಡಸ್ತದ ಅಂಬುದು ಹಿಂಗ ಹೊರಗ ಬಂತು. ಕಾರಿಡಾರಿನಾಗ ಕೇಳಿದ್ದೆಲ್ಲ ಖರೆ ಅಂತ ತಿಳೀಬ್ಯಾಡ, ಗಾಳಿಮಾತೂ ಬಕ್ಕಳ ಇರ್ತದ. ಆದ್ರ ಹತ್ತು ಮಂದಿ ಹತ್ತು ಸೈಟಿನಾಗ ಕಂಡಿದ್ದು ಒಂದೇ ಇದ್ರ, ಅದನ್ನ ಬರ್ಕೊಂಡು ಬಂದು ನಿನ್ನ ಗಿರಾಕಿಗಳ ಲೆಕ್ಕದಾಗ ತಾಳೆ ಹಾಕಿ ನೋಡು.

ಸ್ಟಾಲುಗಳ ಮಾತು. ಸಾಫ್ಟ್‌ವೇರ್ ಮಾರೋ ಕಂಪನಿಗಳು ಬಣ್ಣದ ಅಂಗಿ, ಕಾಲುಚೀಲ, ಚಾಕಲೇಟು ಹಂಚ್ತಾವ. ಸಮ್ಮೇಳನ ನಡ್ಯೋದ್ರಾಗ ಅವರ ರೊಕ್ಕ ದೊಡ್ಡದು, ಅದಕ್ಕ ತಪ್ಪೇನಿಲ್ಲ. ನಿನ್ನ ಕೊರಳಾಗಿನ ಬ್ಯಾಡ್ಜ್ ಸ್ಕ್ಯಾನ್ ಮಾಡ್ಲಾಕ ಕೇಳ್ತಾರ. ಸ್ಕ್ಯಾನ್ ಆದ ಕೂಡ್ಲೆ ನಿನ್ನ ಹೆಸರು, ಈಮೇಲ್ ಅವರ ಮಾರಾಟದ ಪಟ್ಟಿಗೆ ಹೋದ್ವು, ಮರುದಿನದಿಂದ ಫೋನು ಸುರು. ಯುರೋಪಿನಾಗ 2018ರ ಮೇ 25ಕ್ಕ ಜಾರಿಗೆ ಬಂದ ಜಿಡಿಪಿಆರ್, ಅಂದ್ರ ಮಂದಿ ವೈಯಕ್ತಿಕ ಮಾಹಿತಿ ಕಾಯೋ ಕಾಯಿದೆ, ಬ್ರಿಟನ್ ಬ್ಯಾರೆ ಆದ ಮ್ಯಾಲೂ ಇಲ್ಲಿ ಯುಕೆ ಜಿಡಿಪಿಆರ್ ಅಂಬ ಹೆಸರಿನಿಂದ ಮುಂದುವರದದ. ನನ್ನ ಮಾಹಿತಿ ಅಳಸ್ರಿ ಅಂತ ಕೇಳೋ ಹಕ್ಕು ನಿನಗದ. ಅದಕ್ಕಿಂತ ಮೊದಲು, ಸ್ಕ್ಯಾನ್ ಬ್ಯಾಡ ಅಂತ ನಕ್ಕೋತ ಹೇಳಿದ್ರ ಯಾರೂ ಸಿಟ್ಟಾಗಂಗಿಲ್ಲ. ನಮ್ಮ ಕಡಿ ಹೆಣ್ಮಕ್ಕಳಿಗಿ ಇಲ್ಲ ಅನ್ನೋದು ಜಡ ಆಗ್ತದ. ಇಲ್ಲಿ ಅದನ್ನ ಜಲ್ದಿ ರೂಢಿ ಮಾಡ್ಕೋ, ಆಫೀಸಿನಾಗೂ ಬೇಕಾಗ್ತದ.

ಸಂಜಿಗಿ ಪಾರ್ಟಿ, ಪಬ್ಬು. ಕುಡ್ಯೋದಿಲ್ಲಂದ್ರ ಕಿತ್ತಳಿ ರಸನೋ ಲಿಂಬಿ ಸೋಡಾನೋ ಹಿಡ್ಕೊಂಡು ನಿಂದ್ರು. ಯಾಕಂತ ಕೇಳೋರಿಲ್ಲ, ನೀನೂ ಸಬೂಬು ಹೇಳ್ಬ್ಯಾಡ. ಎದ್ದು ಬರ್ಬೇಕನಿಸಿದ್ರ ಎದ್ದು ಬಾ. ಆದ್ರ ಒಂದು ತಾಸರ ಹೋಗು, ಖೋಲಿಯಾಗ ಒಬ್ಬಾಕೇ ಕುಂದರಬ್ಯಾಡ.

ಈಗ ನೀ ಅಂಜೋ ಮಾತಿಗೆ ಬರ್ತೀನಿ. ಕಲಬುರಗಿ ಸಣ್ಣ ಆಫೀಸಿನ ಕೆಲಸ ಅಲ್ಲಿ ಹೇಳ್ಲಾಕ ನಾಚಿಕಿ ಅಂದಿ. ತಂಗೀ, ನಿನ್ನ ಹಂತ್ಯಾಕ ಇರೋದು ಅವರ ಹಂತ್ಯಾಕ ಇಲ್ಲ. ನಮ್ಮೂರಾಗ ಒಬ್ಬನೇ ಮನಷ್ಯಾ ಕನ್ನಡ, ಉರ್ದು, ಹಿಂದಿ ಕೂಡಿಸಿ ಫೋನಿಗೆ ಮಾತಾಡಿ ಹುಡುಕ್ತಾನ. ಇನ್ನೊಬ್ಬ ಕನ್ನಡ ಮಾತನ್ನ ಇಂಗ್ಲಿಷ್ ಅಕ್ಷರದಾಗ ಬರೀತಾನ, ಅದೂ ಒಂದೇ ಶಬ್ದ ನಾಕು ನಮೂನಿ. ಯಾವ ಶಬ್ದ ಎಷ್ಟು ಸಲ ಹುಡುಕ್ತಾರ ಅಂತ ತೋರ್ಸೋ ಕೀವರ್ಡ್ ಟೂಲಿನಾಗ ಇಂಥಾವಕ್ಕ ಎಷ್ಟೋ ಸಲ ಸೊನ್ನಿ ತೋರಸ್ತದ, ಆದ್ರ ದವಾಖಾನಿ ಬಾಗಲಿಗೆ ಪೇಷಂಟ್ ಬರ್ತಿರ್ತಾರ. ಅಂಗಡಿಯವನಿಗೆ ವೆಬ್‌ಸೈಟೇ ಇರಂಗಿಲ್ಲ, ಗೂಗಲ್ ಮ್ಯಾಪ್ ಮತ್ತ ವಾಟ್ಸ್‌ಆ್ಯಪ್ ಮ್ಯಾಲೇ ಧಂದೆ ನಡೀತದ. ಇದನ್ನ ನೀ ಕೈಯಾರೆ ಮಾಡೀದಿ. ನಾ ಇಂಥದ್ದು ಹೇಳ್ದಾಗೆಲ್ಲ ಟೇಬಲ್ಲಿನ ಸುತ್ತ ಇದ್ದೋರು ಕುರ್ಚಿ ಹತ್ರ ಎಳ್ಕೊಂಡು ಕೇಳ್ಯಾರ, ಯಾಕಂದ್ರ ಅವರ ಗಿರಾಕಿಗಳೂ ಇಂಡಿಯಾದಾಗ ಮಾರ್ಲಾಕ ನೋಡ್ತಾರ, ದಾರಿ ಗೊತ್ತಿಲ್ಲ. ಹೋಗೋದ್ರೊಳಗ ಇಂಥ ಎರಡು ಕೆಲಸದ ಕಥಿ ಇಂಗ್ಲಿಷಿನಾಗ ಬಾಯಿಪಾಠ ಮಾಡಿ ಇಟ್ಕೋ. ಒಂದು ಗೆದ್ದದ್ದು, ಒಂದು ಸೋತದ್ದು. ಸೋತದ್ದು ಮೊದಲು ಹೇಳು, ಅವರೂ ತಮ್ಮದು ಹೇಳ್ತಾರ.

ಹತ್ರ ಬಿಟ್ಕೊಳ್ತಾರೇನು ಅಂದ್ರ, ಕೆಲಸದಾಗ ಜಲ್ದಿ ಬಿಟ್ಕೊಳ್ತಾರ, ಮನಿಗೆ ಕರೀಲಾಕ ತಡಾ ಮಾಡ್ತಾರ. ಮತ್ತ ಸಿಗೂಣು ಅಂದದ್ದನ್ನ ಊಟಕ್ಕ ಕರದಂಗ ತಿಳ್ಕೊಂಡು ಮನಸ್ಸಿಗೆ ನೋವು ಮಾಡ್ಕೊಬ್ಯಾಡ. ಎರಡು ದಿನದೊಳಗ ಲಿಂಕ್ಡ್‌ಇನ್ನಿನಾಗ, ಏನ್ ಮಾತಾಡಿದ್ರಿ ಅಂಬುದನ್ನ ನೆನಪು ಮಾಡಿ ನಾಕು ಸಾಲು ಬರಿ. ಕೆಲವರು ಉತ್ತರ ಕೊಡಂಗಿಲ್ಲ. ಕೊಟ್ಟೋರನ್ನ ಬಿಡಬ್ಯಾಡ, ನನ್ನ ಈಗಿನ ನೌಕರಿ ಅಂಥ ಒಂದು ಉತ್ತರದಿಂದಲೇ ಬಂದದ್ದು.

ಆ ವಾರ ನಾನೂ ಬ್ರೈಟನ್ನಿನಾಗೇ ಇರ್ತೀನಿ. ಮೊದಲನೇ ದಿನ ಮುಂಜಾನಿ ಬಾಗಲದಾಗ ಸಿಗು, ಎರಡು ಮೂರು ಮಂದಿಗೆ ಪರಿಚಯ ಮಾಡಸ್ತೀನಿ. ಮಧ್ಯಾಹ್ನದ ಮ್ಯಾಲ ನನ್ನ ಸಂಗಟ ಇರಬ್ಯಾಡ, ನೀನೇ ಹೋಗಿ ಮಾತಾಡ್ಸು.