ಡೀಪ್ ಕ್ಲೀನಿಂಗ್ ಮಾಡಿಸಿದರೆ ಅಮ್ಮನ ಹಲ್ಲು ಸಡಿಲವಾಗುತ್ತದಾ?

ಅಮ್ಮನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ, ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತದೆ. ಉಡುಪಿಯ ಡಾಕ್ಟರ್ ಡೀಪ್ ಕ್ಲೀನಿಂಗ್, ಅಂದರೆ ವಸಡಿನ ಕೆಳಗೆ ಬೇರಿಗೆ ಅಂಟಿದ ಗಟ್ಟಿ ಕಿಟ್ಟ ತೆಗೆಯುವ ಚಿಕಿತ್ಸೆ ಬೇಕು, ನಾಲ್ಕು ಸಲ ಬನ್ನಿ ಅಂದಿದ್ದಾರೆ. ಪಕ್ಕದ ಮನೆಯವರು ಮಾತ್ರ ಕ್ಲೀನಿಂಗ್ ಆದ ಮೇಲೆ ತಮ್ಮ ಹಲ್ಲೆಲ್ಲ ಅಲ್ಲಾಡತೊಡಗಿತು ಅಂತ ಹೆದರಿಸಿದ್ದಾರೆ. ಮಾಡಿಸಬೇಕಾ ಬೇಡ್ವಾ ಅಂತ ಕೇಳಿದ್ದೀರಿ.

ಮಾಡಿಸಿ. ನಾನು ಮಂಗಳೂರಿನಲ್ಲಿ ವಸಡಿನ ಚಿಕಿತ್ಸೆಯನ್ನೇ ಮಾಡುವ ದಂತವೈದ್ಯೆ. ಈ ಹೆದರಿಕೆಯ ಮಾತನ್ನು ವಾರವಾರವೂ ಕೇಳುತ್ತೇನೆ. ಇದನ್ನು ನಂಬಿ ವರ್ಷಗಟ್ಟಲೆ ಮುಂದೂಡಿದವರು ಕೊನೆಗೆ ಹಲ್ಲು ಕೀಳಿಸಿಕೊಳ್ಳಲು ಬರುವುದನ್ನು ನೋಡಿ ತುಂಬಾ ಬೇಜಾರಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ. ಅವರಿಗೆ ಹಾಗೆ ಅನಿಸಿದ್ದು ನಿಜ. ಆದರೆ ಕಾರಣ ಬೇರೆ. ಹಲ್ಲಿನ ಮೇಲೆ ದಿನವೂ ಕೂರುವ ಮೆತ್ತನೆಯ ಪಾಚಿಯನ್ನು ಬ್ರಷ್ ತೆಗೆಯದಿದ್ದರೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಅದು ಗಟ್ಟಿ ಕಿಟ್ಟವಾಗುತ್ತದೆ. ಮಲ್ಪೆಯಲ್ಲಿ ಮಳೆಗಾಲಕ್ಕೆ ದಡಕ್ಕೆಳೆದ ಬೋಟಿನ ಅಡಿ ನೋಡಿದ್ದೀರಲ್ವಾ? ಅಲ್ಲಿ ಅಂಟಿರುವ ಚಿಪ್ಪಿನ ಹಾಗೆ ಇದು ಬೇರಿಗೆ ಕಚ್ಚಿಕೊಳ್ಳುತ್ತದೆ, ನೀರು ಮುಕ್ಕಳಿಸಿದರೆ ಹೋಗುವುದಿಲ್ಲ. ಅದರ ಮೇಲೆ ಮತ್ತೆ ಪಾಚಿ, ಆ ಪಾಚಿಯಲ್ಲಿ ಬ್ಯಾಕ್ಟೀರಿಯಾ. ದೇಹ ಅದರ ವಿರುದ್ಧ ಹೋರಾಡುವಾಗ ವಸಡು ಊದಿಕೊಳ್ಳುತ್ತದೆ, ಒಳಗಿನ ಮೂಳೆ ನಿಧಾನಕ್ಕೆ ಕರಗುತ್ತದೆ. ನೋವು ಮಾತ್ರ ಇರುವುದಿಲ್ಲ. ಈ ಕಾಯಿಲೆಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದೇ ಅದು.

ಮೂಳೆ ಅರ್ಧ ಹೋದ ಮೇಲೂ ಊದಿದ ವಸಡು ಮತ್ತು ಹಲ್ಲಿನಿಂದ ಹಲ್ಲಿಗೆ ಸೇತುವೆಯಂತೆ ಕಟ್ಟಿಕೊಂಡ ಕಿಟ್ಟ ಸೇರಿ ಹಲ್ಲನ್ನು ಹಿಡಿದಂತೆ ಇಟ್ಟಿರುತ್ತವೆ. ಕಿಟ್ಟ ತೆಗೆದಾಗ ಆ ಸುಳ್ಳು ಆಧಾರ ಹೋಗುತ್ತದೆ. ಊತ ಇಳಿದಾಗ ವಸಡು ಕುಗ್ಗಿ ಹಲ್ಲಿನ ಸಂದು ಕಾಣುತ್ತದೆ, ಹಲ್ಲು ಉದ್ದವಾದ ಹಾಗೆ ಕಾಣುತ್ತದೆ. ಮೊದಲ ಕೆಲವು ದಿನ ಅಲ್ಲಾಟ ಸ್ವಲ್ಪ ಜಾಸ್ತಿ ಅನಿಸಲೂಬಹುದು. ಸಡಿಲ ಮಾಡಿದ್ದು ಕಾಯಿಲೆ, ಅದು ಗೊತ್ತಾದದ್ದು ಕ್ಲೀನಿಂಗ್ ಆದ ಮೇಲೆ. ವಸಡು ವಾಸಿಯಾಗುತ್ತಾ ಬಂದಂತೆ ಹೆಚ್ಚಿನವರ ಹಲ್ಲು ಮೊದಲಿಗಿಂತ ಬಿಗಿಯಾಗುತ್ತದೆ. ಈ ಮಾತನ್ನು ಡಾಕ್ಟರುಗಳು ಕ್ಲೀನಿಂಗ್‌ಗೆ ಮೊದಲೇ ಹೇಳಬೇಕು. ಹೇಳದೆ ಮಾಡಿದರೆ ರೋಗಿಗಳು ನಮ್ಮನ್ನು ಅನುಮಾನಿಸುವುದು ಸಹಜ.

ಇನ್ನು, ಇದು ನಿಜವಾಗಿ ಬೇಕಾ ಅಂತ ತಿಳಿಯುವ ದಾರಿ. ಡಾಕ್ಟರ್ ಹತ್ತಿರ ಪಾಕೆಟ್, ಅಂದರೆ ಹಲ್ಲು ಮತ್ತು ವಸಡಿನ ನಡುವಿನ ಸಂದು, ಎಷ್ಟು ಆಳ ಇದೆ ಅಂತ ಕೇಳಿ. ಗೆರೆ ಹಾಕಿದ ಒಂದು ತೆಳು ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲನೆ ಇಳಿಸಿ ಅಳೆಯುತ್ತಾರೆ, ಪ್ರತಿ ಹಲ್ಲಿಗೆ ಆರು ಕಡೆ. 3 ಮಿಲಿಮೀಟರ್‌ವರೆಗೆ ತೊಂದರೆ ಇಲ್ಲ. 4 ಅಂದರೆ ಎಚ್ಚರ. 5, 6 ಅಂತ ಸಂಖ್ಯೆ ಬಂದು ಅಲ್ಲಿ ರಕ್ತವೂ ಬಂದರೆ, ಮೇಲಿನ ಮಾಮೂಲಿ ಕ್ಲೀನಿಂಗ್ ಅಲ್ಲಿಗೆ ತಲುಪುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಇಳಿದಿದೆ ಅಂತಲೂ ತೋರಿಸಲು ಹೇಳಿ. ಅಳೆಯದೆ, ಎಕ್ಸ್‌ರೇ ನೋಡದೆ ಸುಮ್ನೆ ಡೀಪ್ ಕ್ಲೀನಿಂಗ್ ಅಂದರೆ ಇನ್ನೊಬ್ಬರಿಗೆ ತೋರಿಸುವುದು ಒಳ್ಳೆಯದು. ವಸಡು ಬರೀ ಊದಿದ್ದು, ಮೂಳೆ ಸರಿಯಿದ್ದರೆ ಮಾಮೂಲಿ ಕ್ಲೀನಿಂಗ್ ಮತ್ತು ಸರಿಯಾದ ಬ್ರಷಿಂಗ್‌ನಿಂದಲೇ ಪೂರ್ತಿ ವಾಸಿಯಾಗುತ್ತದೆ.

ಚಿಕಿತ್ಸೆ ಹೀಗಿರುತ್ತದೆ. ಇಂಜೆಕ್ಷನ್ ಕೊಟ್ಟು ಬಾಯಿಯ ಒಂದು ಭಾಗ ಮರಗಟ್ಟಿಸುತ್ತಾರೆ. ನಾಲ್ಕು ಸಲ ಬನ್ನಿ ಅಂದಿದ್ದು ಅದಕ್ಕೇ, ಒಂದು ಸಲಕ್ಕೆ ಕಾಲು ಬಾಯಿ. ಕೆಲವರು ಎರಡು ಸಲದಲ್ಲಿ ಮುಗಿಸುತ್ತಾರೆ, ಅದೂ ಸರಿಯೇ. ಮೊದಲು ನೀರು ಚಿಮ್ಮಿಸುವ ಅಲ್ಟ್ರಾಸಾನಿಕ್ ಮೆಷಿನ್, ಆಮೇಲೆ ಕ್ಯುರೆಟ್ ಅನ್ನುವ ಬಾಗಿದ ಸಣ್ಣ ಉಪಕರಣ. ವಸಡಿನ ಕೆಳಗೆ ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಯಲ್ಲೇ ಗೊತ್ತಾಗಬೇಕು. ಕಿಟ್ಟ ಇದ್ದರೆ ತರಿತರಿ, ಹೋದರೆ ನುಣುಪು. ತಾಳ್ಮೆಯ ಕೆಲಸ ಇದು. ಹದಿನೈದು ನಿಮಿಷದಲ್ಲಿ ಇಡೀ ಬಾಯಿ ಮುಗಿಸಿಕೊಡುತ್ತೇವೆ ಅಂದರೆ ನಾನಂತೂ ನಂಬುವುದಿಲ್ಲ. ಹಿಂದೆ ಬೇರಿನ ಮೇಲ್ಪದರವನ್ನೂ ಚೆನ್ನಾಗಿ ಕೆರೆದು ತೆಗೆಯಬೇಕು ಅನ್ನುತ್ತಿದ್ದರು. ಈಗ ಅಷ್ಟು ಕೆರೆಯುವುದಿಲ್ಲ.

ಮರಗಟ್ಟಿದ್ದು ಬಿಡಲು ಎರಡು ಮೂರು ಗಂಟೆ ಬೇಕು. ಅಲ್ಲಿವರೆಗೆ ಅಮ್ಮ ಏನೂ ಅಗಿಯುವುದು ಬೇಡ, ಬಿಸಿ ಕಾಫಿಯೂ ಬೇಡ, ಕೆನ್ನೆ ಕಚ್ಚಿಕೊಂಡರೂ ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ. ಆವತ್ತಿಗೆ ಉಗುರುಬೆಚ್ಚಗಿನ ಕುಚ್ಚಲಕ್ಕಿ ಗಂಜಿ ಸಾಕು, ಜೊತೆಗೆ ಉಪ್ಪಿನಕಾಯಿ ಬೇಡ. ಒಂದೆರಡು ದಿನ ಉಗುಳಿದಾಗ ಸ್ವಲ್ಪ ಕೆಂಪು ಕಾಣಬಹುದು. ತಣ್ಣೀರು ಜುಂ ಅನ್ನುವುದು ಕೆಲವು ವಾರ ಇರುತ್ತದೆ, ಅದಕ್ಕೆ ಸೆನ್ಸಿಟಿವ್ ಹಲ್ಲಿನ ಪೇಸ್ಟ್ ಇದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷ್ ಬರೆದುಕೊಟ್ಟರೆ ಹೇಳಿದಷ್ಟು ದಿನ ಮಾತ್ರ ಬಳಸಿ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ, ರುಚಿಯೂ ಕೆಡುತ್ತದೆ. ಪೇಸ್ಟ್ ಹಾಕಿ ಹಲ್ಲುಜ್ಜಿದ ತಕ್ಷಣ ಅದನ್ನು ಬಳಸಬೇಡಿ, ಅರ್ಧ ಗಂಟೆ ಬಿಡಿ.

ಸಕ್ಕರೆ ಕಾಯಿಲೆ ಇರುವುದರಿಂದಲೇ ನಿಮ್ಮ ಅಮ್ಮನಿಗೆ ಇದು ಇನ್ನೂ ಮುಖ್ಯ. ಸಕ್ಕರೆ ಹಿಡಿತದಲ್ಲಿ ಇಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ, ವಸಡಿನಲ್ಲಿ ಉರಿಯೂತ ಇದ್ದರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ಎರಡೂ ಒಂದಕ್ಕೊಂದು ಕುಮ್ಮಕ್ಕು ಕೊಡುತ್ತವೆ. ಈ ಚಿಕಿತ್ಸೆಯ ಮೂರು ನಾಲ್ಕು ತಿಂಗಳ ನಂತರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, ಶೇಕಡಾದಲ್ಲಿ ಹೇಳುತ್ತಾರೆ) ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಸಕ್ಕರೆಯ ಮಾತ್ರೆ ಬಿಡಬಹುದು ಅಂತ ಇದರರ್ಥ ಅಲ್ಲ. ಆದರೆ ಬಾಯಿ ಸರಿ ಮಾಡಿಸಿ ಇಷ್ಟು ಸಿಕ್ಕಿದರೂ ದೊಡ್ಡ ಲಾಭವೇ.

ಅಮ್ಮ ಎಲೆಯಡಿಕೆ ಹಾಕುತ್ತಾರಾ ಅಂತ ನೀವು ಬರೆದಿಲ್ಲ. ಹೊಗೆಸೊಪ್ಪು ಸೇರಿಸುವ ಅಭ್ಯಾಸ ಇದ್ದರೆ ಅದನ್ನು ಬಿಡಲೇಬೇಕು. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅವರಿಗೂ ಒಂದು ಮಾತು: ಸೇದುವವರ ವಸಡಿನಿಂದ ರಕ್ತ ಕಡಿಮೆ ಬರುತ್ತದೆ, ಹಾಗಾಗಿ ಒಳಗೆ ಮೂಳೆ ಹೋಗುತ್ತಿದ್ದರೂ ಎಲ್ಲ ಸರಿ ಇದೆ ಅನಿಸುತ್ತದೆ. ಉಮಿಕರಿಯಲ್ಲಿ ಹಲ್ಲು ತಿಕ್ಕುವ ಹಳೆಯ ರೂಢಿ ಇದ್ದರೆ ಅದೂ ಬೇಡ, ತೆರೆದ ಬೇರು ಸವೆಯುತ್ತದೆ. ಮೆತ್ತನೆಯ ಬ್ರಷ್, ಜೊತೆಗೆ ಸಂದಿಗೆ ಹಾಕುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್. ಯಾವ ಅಳತೆಯದು ಅಂತ ಡಾಕ್ಟರ್ ಹತ್ತಿರವೇ ಕೇಳಿ, ಕನ್ನಡಿ ಮುಂದೆ ಕೂರಿಸಿ ಅಮ್ಮನ ಕೈಯಲ್ಲೇ ಮಾಡಿಸಿ ತೋರಿಸಲು ಹೇಳಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ್ದು ಇದು. ನಾಲ್ಕನೇ ಸಲ ಹೋಗಿ ಬಂದರೆ ಮುಗಿಯಿತು ಅಂದುಕೊಳ್ಳಬೇಡಿ. ಕರಗಿದ ಮೂಳೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸುವುದು ನಮ್ಮ ಕೆಲಸ. ಆರೆಂಟು ವಾರ ಬಿಟ್ಟು ಮತ್ತೆ ಅಳೆಯಬೇಕು. ಪಾಕೆಟ್ ಕಡಿಮೆಯಾಗಿ ರಕ್ತ ನಿಂತಿದ್ದರೆ ಒಳ್ಳೆಯದು. ಎಲ್ಲೋ ಒಂದೆರಡು ಕಡೆ ಆಳ ಉಳಿದಿದ್ದರೆ ವಸಡು ಬಿಡಿಸಿ ಮಾಡುವ ಫ್ಲಾಪ್ ಸರ್ಜರಿ ಬೇಕಾಗಬಹುದು. ಆಮೇಲೆ ಶುರುವಿಗೆ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಕ್ಲೀನಿಂಗ್‌ಗೆ ದುಡ್ಡು ಕೊಟ್ಟು, ಈ ಭೇಟಿಗಳನ್ನು ತಪ್ಪಿಸಿದವರಲ್ಲಿ ಕಾಯಿಲೆ ಮತ್ತೆ ಮರಳುತ್ತದೆ.

ಖರ್ಚಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ನಿಮಗೆ ಮಣಿಪಾಲ ಹತ್ತಿರ, ಅಲ್ಲಿನ ಕಾಲೇಜು 1965ರಿಂದ ಇದೆ. ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್, ಕುಂಟಿಕಾನ, ದೇರಳಕಟ್ಟೆ, ಸುರತ್ಕಲ್ ದಾಟಿದರೆ ಮುಕ್ಕ, ಎಲ್ಲ ಕಡೆ ಡೆಂಟಲ್ ಕಾಲೇಜುಗಳಿವೆ. ವಸಡಿನ ವಿಭಾಗಕ್ಕೆ ಪೆರಿಯೋ ಅನ್ನುತ್ತಾರೆ, ಚೀಟಿ ಮಾಡಿಸುವಾಗ ಹಾಗೇ ಹೇಳಿ. ಪಿಜಿ ಓದುತ್ತಿರುವ ಡಾಕ್ಟರುಗಳು ಹಿರಿಯರ ಕಣ್ಣೆದುರಿಗೆ ಮಾಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ಅರ್ಧ ದಿನ ಇಟ್ಟುಕೊಳ್ಳಿ. ಆದರೆ ಅಳೆದು, ಬರೆದು, ನಿಧಾನಕ್ಕೆ ಮಾಡುತ್ತಾರೆ. ಈ ಚಿಕಿತ್ಸೆಗೆ ಬೇಕಾದದ್ದೂ ಅದೇ.

ಹೋಗುವ ದಿನ ಅಮ್ಮ ಎಂದಿನಂತೆ ತಿಂಡಿ ತಿಂದು, ಸಕ್ಕರೆಯ ಮಾತ್ರೆ ತಗೊಂಡೇ ಹೋಗಲಿ. ಖಾಲಿ ಹೊಟ್ಟೆಯಲ್ಲಿ ಕೂತರೆ ಸಕ್ಕರೆ ಇಳಿದು ತಲೆ ಸುತ್ತಬಹುದು. ದಿನಾ ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಇದೆ ಅಂತ ಹೇಳಿದರೆ ಸಾಕು. ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವರಲ್ಲಿ ಆ ಮಾತ್ರೆಯಿಂದ ವಸಡು ದಪ್ಪವಾಗಿ ಬೆಳೆಯುತ್ತದೆ.